ಹಕ್ಕಿಗಳ ಛಾಯಾಗ್ರಹಣಕ್ಕೆ ಪ್ರತ್ಯೇಕ ಕ್ಯಾಮೆರಾ ಬೇಕೇ, ಕೈಯಲ್ಲಿರುವ ಮೊಬೈಲೇ ಸಾಕೇ? ತುಮಕೂರು ಜಿಲ್ಲೆಯ ಹಕ್ಕಿಪ್ರಿಯರ ನಡುವೆ ಸಂದೇಶಗಳಲ್ಲಿ ನಡೆದ ಒಂದು ಚರ್ಚೆ

ಶಿರಾ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಶಿರಾ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ರಜೆಯ ದಿನಗಳಲ್ಲಿ ಶಾಲೆಯ ಪರಿಸರ ಸಂಘದ ಮಕ್ಕಳನ್ನು ಸುತ್ತಲಿನ ಕೆರೆಗಳಿಗೂ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವ ಕಾಲದಲ್ಲಿ ಕಗ್ಗಲಡುವಿಗೂ ಕರೆದುಕೊಂಡು ಹೋಗುವ ರೂಢಿಯಿದೆ. ಇದುವರೆಗೆ ನಾವು ಕಂಡದ್ದನ್ನು ಬರೆದಿಟ್ಟುಕೊಳ್ಳುತ್ತಿದ್ದೆವು. ಸಾಧ್ಯವಾದಾಗ ನನ್ನ ಮೊಬೈಲಿನಲ್ಲಿ ಒಂದೆರಡು ಚಿತ್ರ ತೆಗೆಯುತ್ತಿದ್ದೆವು. ಈಗ ಹಳೆಯ ವಿದ್ಯಾರ್ಥಿಯೊಬ್ಬರು ಸಂಘಕ್ಕೆ ಐವತ್ತು ಸಾವಿರ ರೂಪಾಯಿ ಕೊಡಲು ಮುಂದೆ ಬಂದಿದ್ದಾರೆ. "ಒಂದು ಒಳ್ಳೆಯ ಕ್ಯಾಮೆರಾ ತೆಗೆದುಕೊಳ್ಳಿ" ಎಂಬುದು ಅವರ ಸಲಹೆ. ಸಹೋದ್ಯೋಗಿಯೊಬ್ಬರಾದರೋ ಈಗಿನ ಮೊಬೈಲ್‌ಗಳೇ ಕ್ಯಾಮೆರಾಗಳನ್ನು ಮೀರಿಸಿವೆಯೆಂದೂ, ಆ ಹಣದಲ್ಲಿ ಒಳ್ಳೆಯ ಜೂಮ್ ಇರುವ ಫೋನನ್ನೇ ಕೊಳ್ಳುವುದು ಜಾಣತನವೆಂದೂ ಹೇಳುತ್ತಾರೆ. ನನ್ನ ಫೋನಿನಲ್ಲಿ ಮೂರು ಪಟ್ಟು ಹತ್ತಿರಕ್ಕೆ ತರುವ ಮಸೂರವಿದೆ. ಅದಕ್ಕಿಂತ ಮುಂದೆ ಹೋದರೆ ಚಿತ್ರ ಬಣ್ಣ ಬಳಿದಂತೆ ಕಾಣುತ್ತದೆ. ಮಕ್ಕಳು ತಾವು ಕಂಡ ಹಕ್ಕಿ ಯಾವುದೆಂದು ಮನೆಗೆ ಬಂದ ಮೇಲೂ ಪರಿಶೀಲಿಸುವಂತಿರಬೇಕು, ಫೆಬ್ರುವರಿಯ ಹಕ್ಕಿ ಎಣಿಕೆಯಲ್ಲಿ ಭಾಗವಹಿಸುವಂತಿರಬೇಕು ಎನ್ನುವುದು ನಮ್ಮ ಉದ್ದೇಶ. ಸ್ಪರ್ಧೆಗೆ ಚಿತ್ರ ಕಳುಹಿಸುವ ಆಸೆ ನಮಗಿಲ್ಲ. ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಮಧುಗಿರಿ ಬಯಲು

ಮೇಷ್ಟ್ರೇ, ನೇರವಾಗಿ ಹೇಳುತ್ತೇನೆ, ಬೇಸರಿಸಬೇಡಿ. ಮೊಬೈಲಿನಲ್ಲಿ ಹಕ್ಕಿಯ ಚಿತ್ರ ತೆಗೆಯಬಹುದು ಎನ್ನುವವರಲ್ಲಿ ಹೆಚ್ಚಿನವರು ಉದ್ಯಾನದ ಪಾರಿವಾಳವನ್ನೋ ಊಟದ ಮೇಜಿನ ಬಳಿ ಬರುವ ಕಾಗೆಯನ್ನೋ ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಒಮ್ಮೆ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶಕ್ಕೆ ಬನ್ನಿ. ಸುಮಾರು 800 ಎಕರೆಯ ಆ ಹುಲ್ಲುಗಾವಲಿನಲ್ಲಿ ಮರೆಯಾಗಿ ನಿಲ್ಲಲು ಒಂದು ಪೊದೆಯೂ ಸಿಗದ ಕಡೆಗಳಿವೆ. ಚಳಿಗಾಲದಲ್ಲಿ ಬರುವ ಸೆಳೆವಗಳೆಂಬ ಬೇಟೆ ಹಕ್ಕಿಗಳು ನೆಲಕ್ಕೆ ತಾಗುವಂತೆ ಹಾರುತ್ತಾ ನೂರು ಮೀಟರಿನಾಚೆಯೇ ತಿರುಗಿಬಿಡುತ್ತವೆ. ನೆಲಗುಬ್ಬಿಗಳಂತೂ ಒಣಹುಲ್ಲಿನ ಬಣ್ಣದಲ್ಲೇ ಕರಗಿಹೋಗಿರುತ್ತವೆ. ಅಲ್ಲಿ ಮೊಬೈಲ್ ಹಿಡಿದರೆ ಸಿಗುವುದು ಆಕಾಶ, ಹುಲ್ಲು ಮತ್ತು ಒಂದು ಚುಕ್ಕೆ.

ನಾನು ಬಳಸುವುದು 150ರಿಂದ 600 ಮಿಲಿಮೀಟರಿನ ಮಸೂರ (ಈ ಅಂಕೆ ಹೆಚ್ಚಿದಷ್ಟೂ ಹಕ್ಕಿ ಹತ್ತಿರ ಕಾಣುತ್ತದೆ), ಅದರ ಹಿಂದೆ ಒಂದು ಹಳೆಯ ಡಿಎಸ್‌ಎಲ್‌ಆರ್, ಅಂದರೆ ಮಸೂರ ಬದಲಿಸಬಹುದಾದ ಕ್ಯಾಮೆರಾ. ಆ ಕ್ಯಾಮೆರಾದ ಸೆನ್ಸಾರ್ (ಬೆಳಕನ್ನು ಚಿತ್ರವಾಗಿಸುವ ಫಲಕ) ಹಳೆಯ ಫಿಲ್ಮಿನ ಅಳತೆಯ ಪೂರ್ಣ ಚೌಕಟ್ಟಿಗಿಂತ ಚಿಕ್ಕದಾದ್ದರಿಂದ 600 ಮಿ.ಮೀ. ಎಂಬುದು ನೋಟದ ಮಟ್ಟಿಗೆ 900 ಮಿ.ಮೀ.ಗೆ ಸಮನಾಗುತ್ತದೆ. ಫೋನುಗಳ ಐದು ಪಟ್ಟಿನ ಜೂಮ್ ಎಂದರೆ ಹೆಚ್ಚೆಂದರೆ 120 ಮಿ.ಮೀ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಡುವ ಮಾತೇ ಸರಿಯಲ್ಲ. ಹೊಸದಾಗಿ ಕೊಂಡರೆ ಇಂಥ ಜೋಡಿ ಲಕ್ಷ ದಾಟುವುದು ನಿಜ. ಆದರೆ ಬಳಸಿದ ಕ್ಯಾಮೆರಾಗಳು ಸಿಗುತ್ತವೆ, ಕಾಯ್ದು ನೋಡಿ ಕೊಳ್ಳಬಹುದು.

ತೆಂಗಿನಸೀಮೆ

ಮೇಲಿನ ಸಂದೇಶ ಬರೆದವರ ಚಿತ್ರಗಳನ್ನು ನೋಡಿದ್ದೇನೆ, ಅವು ಸೊಗಸಾಗಿವೆ. ಅದರಲ್ಲಿ ಎರಡು ಮಾತಿಲ್ಲ. ಆದರೆ ಮೇಷ್ಟ್ರು ಕೇಳಿದ್ದು ಜಯಮಂಗಲಿಯ ಸೆಳೆವದ ಬಗ್ಗೆ ಅಲ್ಲ, ಮಕ್ಕಳ ಕಲಿಕೆಯ ಬಗ್ಗೆ. ಎರಡೂವರೆ ಕಿಲೋ ತೂಗುವ ಮಸೂರವನ್ನು ಒಂಬತ್ತನೆಯ ತರಗತಿಯ ಹುಡುಗಿಯ ಕೈಗೆ ಕೊಟ್ಟು, ಮಿಕ್ಕ ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಅವರು ಹಕ್ಕಿಯನ್ನು ನೋಡುವುದು ಯಾವಾಗ?

ತಿಪಟೂರಿನಲ್ಲಿ ಮೊಬೈಲ್ ದುರಸ್ತಿ ಅಂಗಡಿ ನಡೆಸುವವನಾಗಿ ಒಂದು ಮಾಹಿತಿ ಕೊಡುತ್ತೇನೆ. ಫೋನುಗಳು ನಿಂತಲ್ಲೇ ನಿಂತಿಲ್ಲ. 2025ರಲ್ಲಿ ಬಂದ ವಿವೋ ಎಕ್ಸ್300 ಪ್ರೊ ಎಂಬ ಫೋನಿಗೆ ಹೊರಗಿನಿಂದ ಜೋಡಿಸುವ ಝೈಸ್ ಮಸೂರವೊಂದು ಸಿಗುತ್ತದೆ. ಅದು 85 ಮಿ.ಮೀ. ನೋಟವನ್ನು 200 ಮಿ.ಮೀ.ಗೆ ಏರಿಸುತ್ತದೆ, ಸೆನ್ಸಾರ್ 200 ಮೆಗಾಪಿಕ್ಸೆಲ್‌ನದಾದ್ದರಿಂದ ಅಲ್ಲಿಂದ ಮುಂದಕ್ಕೂ ಕತ್ತರಿಸಿ ಹತ್ತಿರ ತರಬಹುದು. ಇದೇ ಬಗೆಯ ಹೊರಮಸೂರವನ್ನು ಒಪ್ಪೊ ಕಂಪನಿಯೂ ತನ್ನ ಫೈಂಡ್ ಎಕ್ಸ್9 ಪ್ರೊ ಫೋನಿಗೆ ತಂದಿದೆ. ಬೆಲೆ ಲಕ್ಷದ ಆಸುಪಾಸು ಎನ್ನುವುದು ಬೇರೆ ಮಾತು. ದಾರಿ ಯಾವ ಕಡೆಗಿದೆ ಎನ್ನುವುದನ್ನಷ್ಟೇ ತೋರಿಸಿದೆ.

ಮಧುಗಿರಿ ಬಯಲು

ಲಕ್ಷ ಕೊಟ್ಟು 200 ಮಿ.ಮೀ.! ಅದೇ ಹಣಕ್ಕೆ ನಾನು ಹೇಳಿದ ಜೋಡಿ ಬರುತ್ತದೆ, ಸ್ವಾಮಿ.

ಮಸೂರ

ಇಬ್ಬರೂ ಮಿಲಿಮೀಟರುಗಳನ್ನೇ ಎಣಿಸುತ್ತಿದ್ದೀರಿ. ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನಾಗಿ ನಾನು ಈ ಲೆಕ್ಕವನ್ನು ಬೇರೆ ತುದಿಯಿಂದ ಹಿಡಿಯುತ್ತೇನೆ. ಮೇಷ್ಟ್ರಿಗೆ ಹತ್ತನೆಯ ತರಗತಿಯ ಬೆಳಕಿನ ಪಾಠಕ್ಕೂ ಉಪಯೋಗವಾದೀತು.

ಮೊದಲು ಹಕ್ಕಿ ಚಿತ್ರದಲ್ಲಿ ಎಷ್ಟು ಜಾಗ ಹಿಡಿಯುತ್ತದೆ ಎಂದು ನೋಡೋಣ. ಬಣ್ಣದ ಕೊಕ್ಕರೆ ಹೆಚ್ಚುಕಡಿಮೆ ಒಂದು ಮೀಟರ್ ಉದ್ದದ ಹಕ್ಕಿ. ಅದು 30 ಮೀಟರ್ ದೂರದಲ್ಲಿದ್ದು, ನಿಮ್ಮ ಫೋನಿನ ಮುಖ್ಯ ಮಸೂರ 24 ಮಿ.ಮೀ. ನೋಟದ್ದಾದರೆ, ಚಿತ್ರದ ಎತ್ತರದಲ್ಲಿ ಹಕ್ಕಿಗೆ ಸಿಗುವುದು ಮೂವತ್ತರಲ್ಲೊಂದು ಪಾಲು. 12 ಮೆಗಾಪಿಕ್ಸೆಲ್ ಚಿತ್ರದಲ್ಲಿ ಸುಮಾರು 100 ಚುಕ್ಕೆಗಳ ಎತ್ತರ. 120 ಮಿ.ಮೀ.ಗೆ ಹೋದರೆ 500 ಚುಕ್ಕೆ. ಕೊಕ್ಕರೆಯ ಮಟ್ಟಿಗೆ ಇದು ಧಾರಾಳ: ಕಿತ್ತಳೆ ಬಣ್ಣದ ಮುಖ, ರೆಕ್ಕೆಯ ಗುಲಾಬಿ ಛಾಯೆ, ಎದೆಯ ಕಪ್ಪು ಪಟ್ಟಿ ಎಲ್ಲವೂ ಕಾಣುತ್ತವೆ. ಆದರೆ ಅದೇ ದೂರದಲ್ಲಿ 15 ಸೆಂಟಿಮೀಟರಿನ ನೆಲಗುಬ್ಬಿ ಇದ್ದರೆ 120 ಮಿ.ಮೀ.ನಲ್ಲೂ ಅದಕ್ಕೆ 75 ಚುಕ್ಕೆಗಳಷ್ಟೇ.

"ಹಾಗಾದರೆ ಮೆಗಾಪಿಕ್ಸೆಲ್ ಹೆಚ್ಚಿಸೋಣ" ಎನ್ನುವಿರಿ. ಅಲ್ಲಿ ಅಡ್ಡ ಬರುವುದು ಬೆಳಕಿನ ವಿವರ್ತನೆ, ಅಂದರೆ ಕಿರಿದಾದ ಬಾಯಿಯ ಮೂಲಕ ಹಾಯುವಾಗ ಬೆಳಕು ಹರಡಿಕೊಳ್ಳುವುದು. ಮಸೂರವು ಎಷ್ಟು ಸೂಕ್ಷ್ಮ ವಿವರವನ್ನು ಬೇರ್ಪಡಿಸಿ ತೋರಿಸಬಲ್ಲದು ಎನ್ನುವುದಕ್ಕೆ ಅದರ ಬಾಯಿಯ ಅಗಲವೇ ಮಿತಿ ಹಾಕುತ್ತದೆ. ಐದು ಪಟ್ಟಿನ ಫೋನ್ ಮಸೂರವೊಂದರ ನೈಜ ಸಂಗಮದೂರ ಸುಮಾರು 16 ಮಿ.ಮೀ. (120 ಎಂಬುದು ನೋಟದ ಲೆಕ್ಕ), ದ್ಯುತಿರಂಧ್ರ ಎಫ್/2.8, ಅಂದರೆ 16ನ್ನು 2.8ರಿಂದ ಭಾಗಿಸಿದರೆ ಬಾಯಿಯ ಅಗಲ 5.7 ಮಿ.ಮೀ. ನಿಕಾನ್ ಪಿ950 ಎಂಬ ಒಂದೇ ಮಸೂರದ ಜೂಮ್ ಕ್ಯಾಮೆರಾದಲ್ಲಿ ತುತ್ತತುದಿಯ ಸಂಗಮದೂರ 357 ಮಿ.ಮೀ., ಎಫ್/6.5, ಅಂದರೆ 55 ಮಿ.ಮೀ. ಬಾಯಿ. ಹಸಿರು ಬೆಳಕಿನ ತರಂಗಾಂತರವನ್ನು ಹಾಕಿ ಲೆಕ್ಕ ಮಾಡಿದರೆ, 30 ಮೀಟರ್ ದೂರದಲ್ಲಿ ಫೋನ್ ಬೇರ್ಪಡಿಸಬಲ್ಲ ಅತಿ ಸಣ್ಣ ವಿವರ ಸುಮಾರು ಮೂರೂವರೆ ಮಿ.ಮೀ., ಆ ಕ್ಯಾಮೆರಾಕ್ಕೆ ಹೆಚ್ಚುಕಡಿಮೆ ಅದರ ಹತ್ತನೆಯ ಒಂದು ಪಾಲು. ನೂರು ಮೀಟರಿಗೆ ಹೋದರೆ ಫೋನಿನ ಮಿತಿ 12 ಮಿ.ಮೀ. ಆಗುತ್ತದೆ. ಉಲಿಯಕ್ಕಿಯೆಂಬ ಪುಟ್ಟ ಹಕ್ಕಿಯ ಕೊಕ್ಕಿನ ಉದ್ದವೇ ಒಂದು ಸೆಂಟಿಮೀಟರಿನ ಆಸುಪಾಸು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಸೆನ್ಸಾರಿನಲ್ಲಿ ಎಷ್ಟು ಮೆಗಾಪಿಕ್ಸೆಲ್ ತುಂಬಿದರೂ ಬಾಯಿಯಿಂದ ಒಳಗೆ ಬಾರದ ವಿವರ ಅಲ್ಲಿ ಮೂಡುವುದಿಲ್ಲ.

ಬೆಳಕಿನ ಲೆಕ್ಕ ಇನ್ನೂ ಕಠಿಣ. ಬಾಯಿಯ ಅಗಲ ಹತ್ತು ಪಟ್ಟಾದರೆ ಒಳಗೆ ಬರುವ ಬೆಳಕು ನೂರು ಪಟ್ಟು. ಕುತೂಹಲದ ಸಂಗತಿಯೆಂದರೆ, ಪಿ950ರ ಸೆನ್ಸಾರ್ ಬರೀ 6.17 × 4.55 ಮಿ.ಮೀ.; ಇಂದಿನ ಎಷ್ಟೋ ಫೋನುಗಳ ಮುಖ್ಯ ಸೆನ್ಸಾರ್ ಅದಕ್ಕಿಂತ ದೊಡ್ಡದು. ಆದರೂ ದೂರದ ಹಕ್ಕಿಯ ವಿಷಯದಲ್ಲಿ ಫೋನ್ ಸೋಲುತ್ತದೆಯೆಂದರೆ ಸೋಲು ಎಲೆಕ್ಟ್ರಾನಿಕ್ಸಿನದಲ್ಲ, ಗಾಜಿನದು. ಎಂಟು ಮಿಲಿಮೀಟರ್ ದಪ್ಪದ ಸಾಧನದೊಳಗೆ 55 ಮಿ.ಮೀ. ಗಾಜನ್ನು ಕೂರಿಸಲು ಯಾವ ಕಂಪನಿಯಿಂದಲೂ ಆಗದು.

ದುರ್ಗದಹಾದಿ

ಮಸೂರ ಸರ್ ಹೇಳಿದ ಕ್ಯಾಮೆರಾವನ್ನೇ ನಾನು ಬಳಸುತ್ತಿರುವುದರಿಂದ ಎರಡು ಮಾತು. 24ರಿಂದ 2000 ಮಿ.ಮೀ.ವರೆಗಿನ ನೋಟ ಒಂದೇ ಮಸೂರದಲ್ಲಿ ಸಿಗುತ್ತದೆ, ತೂಕ ಒಂದು ಕಿಲೋ ಮಾತ್ರ. ಮಹಿಳೆಯರು ಒಂದು ಕೈಚೀಲದಲ್ಲಿ ಹಾಕಿಕೊಂಡು, ಯಾರ ಗಮನವನ್ನೂ ಸೆಳೆಯದೆ ಬೆಳಗಿನ ನಡಿಗೆಗೆ ಹೊರಡಬಹುದಾದ ಸಾಧನ ಇದು. ದೊಡ್ಡ ಮಸೂರ ಹೊತ್ತವರಿಗೆ ಈ ಅನುಕೂಲದ ಬೆಲೆ ತಿಳಿಯುವುದು ಕಷ್ಟ. ಮೈದಾಳ ಕೆರೆಯ ನಡುವಿನ ವರಟೆ, ನಾಮದ ಕೋಳಿ, ನೀರುಕಾಗೆಗಳನ್ನು ದಡದಿಂದಲೇ ತೆಗೆಯಲು ಇದು ಸಾಕು ಸಾಕು.

ಆದರೆ ದೇವರಾಯನದುರ್ಗದ ಕಾಡಿನೊಳಗೆ, ನಾಮದ ಚಿಲುಮೆಯ ಮರಗಳ ನೆರಳಿನಲ್ಲಿ, ಇದೂ ತಡವರಿಸುತ್ತದೆ. ಸಣ್ಣ ಸೆನ್ಸಾರಿಗೆ ಮಬ್ಬು ಬೆಳಕು ಆಗದು. ಎಲೆಗಳ ನಡುವೆ ಒಂದು ಕ್ಷಣ ನಿಲ್ಲುವ ಹಸಿರು ಉಲಿಯಕ್ಕಿಯ ಮೇಲೆ ಕೇಂದ್ರೀಕರಿಸುವಷ್ಟರಲ್ಲಿ ಅದು ಮೂರು ಕೊಂಬೆ ದಾಟಿರುತ್ತದೆ. 2000 ಮಿ.ಮೀ.ಗೆ ಹೋದಾಗ ಹಕ್ಕಿಯನ್ನು ಚೌಕಟ್ಟಿನೊಳಗೆ ಹುಡುಕುವುದೇ ಒಂದು ವಿದ್ಯೆ. ಇನ್ನು ಬೇಸಿಗೆಯಲ್ಲಿ ಶಿರಾ, ಪಾವಗಡದ ಕಡೆ ಹೊತ್ತೇರಿದ ಮೇಲೆ ನೆಲದಿಂದೇಳುವ ಬಿಸಿಗಾಳಿಯಲ್ಲಿ ದೂರದ ಚಿತ್ರವೆಲ್ಲ ನಡುಗುತ್ತದೆ. ಅಲ್ಲಿ ಯಾವ ಮಸೂರದ ಗಾಜೂ ಏನನ್ನೂ ಮಾಡಲಾರದು. ಜೂಮ್ ಅಂಕೆಯನ್ನು ನೋಡಿ ಮರುಳಾಗುವವರಿಗೆ ಈ ಮಾತನ್ನು ಮುಂಚೆಯೇ ಹೇಳಬೇಕು.

ನಿಮ್ಮ ಐವತ್ತು ಸಾವಿರದಲ್ಲಿ ಹೊಸದು ಸಿಗುವುದು ಅನುಮಾನ, ಮೇಷ್ಟ್ರೇ. ಬಳಸಿದ್ದಾದರೆ ಜೂಮ್ ಮೋಟಾರನ್ನು ತುದಿಯವರೆಗೆ ಹಲವು ಸಲ ಓಡಿಸಿ ನೋಡಿ ಕೊಳ್ಳಿ.

ಪಟ್ಟಿಗಾರ

ಈ ಚರ್ಚೆಯಲ್ಲಿ ಇನ್ನೂ ಯಾರೂ ಎತ್ತದ ವಿಷಯವೊಂದಿದೆ, ಅದೇ ನನಗೆ ಮುಖ್ಯವಾಗಿ ಕಾಣುತ್ತದೆ. ಮೇಷ್ಟ್ರ ಉದ್ದೇಶ ಹಕ್ಕಿಯನ್ನು ಗುರುತಿಸುವುದು. ಗುರುತಿಸಲು ಬೇಕಾದ್ದು ಸುಂದರ ಚಿತ್ರವಲ್ಲ, ನಂಬಬಹುದಾದ ಚಿತ್ರ.

ಫೋನ್ ತೆಗೆಯುವ ಚಿತ್ರ ಈಗ ಒಂದೇ ಕ್ಷಣದ ಚಿತ್ರವಾಗಿ ಉಳಿದಿಲ್ಲ. ಅದು ಹಲವು ಚಿತ್ರಗಳನ್ನು ಒಟ್ಟುಗೂಡಿಸಿ, ಗದ್ದಲವನ್ನು (ಚಿತ್ರದ ಮೇಲಿನ ಬೇಡದ ಚುಕ್ಕೆಗಳನ್ನು) ಅಳಿಸಿ, ಅಂಚುಗಳನ್ನು ಚೂಪುಗೊಳಿಸಿ ಕೊಡುತ್ತದೆ. ಅಲ್ಲಿಯವರೆಗೆ ತಕರಾರಿಲ್ಲ. ತೊಂದರೆ ಶುರುವಾಗುವುದು ಸಾಧನವು ಇಲ್ಲದ ವಿವರವನ್ನು ಊಹಿಸಿ ತುಂಬತೊಡಗಿದಾಗ. 2023ರ ಮಾರ್ಚ್‌ನಲ್ಲಿ ಬಳಕೆದಾರರೊಬ್ಬರು ಬೇಕೆಂದೇ ಮಸುಕು ಮಾಡಿದ ಚಂದ್ರನ ಚಿತ್ರವನ್ನು ಕಂಪ್ಯೂಟರ್ ಪರದೆಯ ಮೇಲಿಟ್ಟು, ದೂರದಿಂದ ಸ್ಯಾಮ್‌ಸಂಗ್ ಫೋನಿನಲ್ಲಿ ತೆಗೆದಾಗ, ಪರದೆಯ ಮೇಲಿಲ್ಲದ ಕುಳಿಗಳ ವಿವರ ಫೋನಿನ ಚಿತ್ರದಲ್ಲಿ ಮೂಡಿದ್ದು ದೊಡ್ಡ ಚರ್ಚೆಯಾಯಿತು. ದೃಶ್ಯದಲ್ಲಿರುವುದು ಚಂದ್ರನೆಂದು ಗುರುತಿಸಿದ ಮೇಲೆ ಕೃತಕ ಬುದ್ಧಿಮತ್ತೆಯಿಂದ ವಿವರವನ್ನು ಹೆಚ್ಚಿಸುವ ಕ್ರಮ ತನ್ನಲ್ಲಿದೆಯೆಂದು ಕಂಪನಿಯೂ ವಿವರಿಸಿತು. 2025ರ ಪಿಕ್ಸೆಲ್ 10 ಪ್ರೊ ಫೋನ್ ಇನ್ನೂ ಒಂದು ಹೆಜ್ಜೆ ಮುಂದಿದೆ: ನೂರು ಪಟ್ಟಿನವರೆಗಿನ ಅದರ ಜೂಮ್, ಚಿತ್ರಗಳನ್ನು ಸೃಷ್ಟಿಸಬಲ್ಲ ಮಾದರಿಯೊಂದನ್ನು ಬಳಸಿ ವಿವರ ತುಂಬುತ್ತದೆ. ಮನುಷ್ಯರ ಚಿತ್ರಕ್ಕೆ ಆ ಮಾದರಿಯನ್ನು ಅನ್ವಯಿಸದಂತೆ ತಯಾರಕರು ಎಚ್ಚರ ವಹಿಸಿದ್ದಾರೆ. ಮುಖ ಬದಲಾಗಬಾರದೆಂಬ ಆ ಎಚ್ಚರ ಹಕ್ಕಿಗೆ ಸಿಕ್ಕಿಲ್ಲ.

ಚಂದ್ರ ಒಬ್ಬನೇ ಇರುವುದರಿಂದ ಅಲ್ಲಿ ಊಹೆ ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತದೆ. ನಮ್ಮ ಕುರುಚಲು ಬಯಲಿಗೆ ಚಳಿಗಾಲದಲ್ಲಿ ಬರುವ ಬೂಟೆಡ್ ಉಲಿಯಕ್ಕಿಗೂ ಸೈಕ್ಸ್ ಉಲಿಯಕ್ಕಿಗೂ ಇರುವ ವ್ಯತ್ಯಾಸ ಕೊಕ್ಕಿನ ಉದ್ದದಲ್ಲಿ, ಅದರ ತುದಿಯ ಕಪ್ಪಿನಲ್ಲಿ, ಮೈಬಣ್ಣದ ಒಂದು ಎಳೆಯಲ್ಲಿ ಅಡಗಿದೆ. ಮಧುಗಿರಿಯವರು ಹೇಳಿದ ಸೆಳೆವಗಳಲ್ಲಿ ಎಳೆಯ ಪ್ಯಾಲಿಡ್ ಸೆಳೆವಕ್ಕೂ ಎಳೆಯ ಮಾಂಟೆಗ್ಯು ಸೆಳೆವಕ್ಕೂ ಭೇದ ತಿಳಿಯುವುದು ಕತ್ತಿನ ತಿಳಿಯಾದ ಪಟ್ಟಿ ಮತ್ತು ಅದರ ಹಿಂದಿನ ಕಪ್ಪು ಭಾಗದಿಂದ. ಇಂಥ ಕಡೆ ಸಾಧನವು ತಾನು ಹೆಚ್ಚು ನೋಡಿರುವ ಹಕ್ಕಿಯ ಗರಿಯನ್ನು ತಂದು ಅಂಟಿಸಿದರೆ, ಚಿತ್ರ ಸ್ಪಷ್ಟವಾದಷ್ಟೂ ಸುಳ್ಳು ಗಟ್ಟಿಯಾಗುತ್ತದೆ. ಮಸುಕಾದ ಚಿತ್ರ "ಗೊತ್ತಾಗುತ್ತಿಲ್ಲ" ಎಂದು ಪ್ರಾಮಾಣಿಕವಾಗಿ ಹೇಳುತ್ತದೆ, ಇದು ಹಾಗಲ್ಲ.

ಆದ್ದರಿಂದ ಫೋನ್ ಬಳಸುವುದಾದರೆ ಬಳಸಿ, ನಾನೂ ಬಳಸುತ್ತೇನೆ. ಪ್ರೊ ಮೋಡ್‌ನಲ್ಲಿ ರಾ ಕಡತ (ಫೋನ್ ತಿದ್ದದ ಮೂಲ ಚಿತ್ರ) ಉಳಿಸುವ ಆಯ್ಕೆಯಿದ್ದರೆ ಅದನ್ನು ಆನ್ ಮಾಡಿ. ಫೋನಿನಲ್ಲಿ ನಿಜವಾಗಿ ಇರುವ ಮಸೂರದ ಗುಂಡಿಗಳನ್ನೇ ಒತ್ತಿ, ಬೆರಳಿನಿಂದ ಹಿಗ್ಗಿಸಿ ಮುಂದೆ ಹೋಗಬೇಡಿ. ಹಿಗ್ಗಿಸುವುದನ್ನು ಮನೆಯಲ್ಲಿ ಕತ್ತರಿಸುವಾಗ ಮಾಡಬಹುದು. ಕಂಡ ಹಕ್ಕಿಗಳನ್ನು ದಾಖಲಿಸುವ ಇಬರ್ಡ್ ಜಾಲತಾಣದ ಪಟ್ಟಿಗೆ ಸೇರಿಸುವಾಗ ಮೂಲ ಕಡತವನ್ನೇ ಏರಿಸಿ. ವಾಟ್ಸಾಪಿನಲ್ಲಿ ಒಮ್ಮೆ ಓಡಾಡಿ ಬಂದ ಚಿತ್ರದಲ್ಲಿ ಪರಿಶೀಲಕರಿಗೆ ನೋಡಲು ಏನೂ ಉಳಿದಿರುವುದಿಲ್ಲ.

ತೆಂಗಿನಸೀಮೆ

ಪಟ್ಟಿಗಾರರ ಮಾತನ್ನು ಒಪ್ಪುತ್ತೇನೆ, ಆದರೆ ಕ್ಯಾಮೆರಾದವರು ಪವಿತ್ರರೆಂದು ಯಾರೂ ತಿಳಿಯಬೇಕಿಲ್ಲ. ಕಂಪ್ಯೂಟರಿನಲ್ಲಿ ಗದ್ದಲ ಅಳಿಸುವ ತಂತ್ರಾಂಶಗಳೂ ಇದೇ ಕೆಲಸವನ್ನು ಮಾಡುತ್ತವೆ. ಫೇಸ್‌ಬುಕ್ಕಿನಲ್ಲಿ ಮಿರುಗುವ ಮಿಂಚುಳ್ಳಿಗಳಲ್ಲಿ ಎಷ್ಟು ಗರಿ ದೇವರು ಕೊಟ್ಟದ್ದು, ಎಷ್ಟು ತಂತ್ರಾಂಶ ಕೊಟ್ಟದ್ದು ಎಂದು ಹೇಳುವವರು ಯಾರು?

ಪಟ್ಟಿಗಾರ

ನಿಜ. ವ್ಯತ್ಯಾಸವಿಷ್ಟೇ: ಅಲ್ಲಿ ಮೂಲ ಕಡತ ಛಾಯಾಗ್ರಾಹಕರ ಕೈಯಲ್ಲಿ ಉಳಿದಿರುತ್ತದೆ, ಕೇಳಿದರೆ ತೋರಿಸಬಹುದು. ಫೋನಿನಲ್ಲಿ ನಾವು ಮೊದಲೇ ಎಚ್ಚರ ವಹಿಸದಿದ್ದರೆ ಮೂಲವೇ ಇರುವುದಿಲ್ಲ. ಪಿಕ್ಸೆಲ್ ಫೋನ್ ಎರಡನ್ನೂ ಉಳಿಸುತ್ತದೆ, ಅದನ್ನು ಮೆಚ್ಚಬೇಕು.

ಕಗ್ಗಲಡು ಪಕ್ಕದೂರು

ದೊಡ್ಡವರೆಲ್ಲ ಗಾಜು, ಚುಕ್ಕೆ ಎಂದು ಮಾತನಾಡುತ್ತಿದ್ದೀರಿ. ಕೊಕ್ಕರೆಗಳ ನೆರೆಯವನಾಗಿ ಒಂದು ಕೋರಿಕೆ ಇಡುತ್ತೇನೆ. ಕಗ್ಗಲಡುವಿನಲ್ಲಿ ಹುಣಸೆಮರಗಳು ಇರುವುದು ಊರಿನ ನಡುವೆ, ಮನೆಗಳ ಮಗ್ಗುಲಲ್ಲಿ. ಹಕ್ಕಿಗಳು ತಲೆಯ ಮೇಲೆಯೇ ಇರುವುದರಿಂದ ಮೊಬೈಲಿನಲ್ಲಿ ಚಿತ್ರ ಚೆನ್ನಾಗಿಯೇ ಬರುತ್ತದೆ. ಹಾಗೆ ಬರುವುದೇ ಕೆಲವು ಸಲ ತಾಪತ್ರಯಕ್ಕೆ ಮೂಲವಾಗುತ್ತದೆ. ದೊಡ್ಡ ಕ್ಯಾಮೆರಾದವರು ದೂರದಲ್ಲಿ ಒಂದು ಕಡೆ ನಿಂತು ತೆಗೆದುಕೊಂಡು ಹೋಗುತ್ತಾರೆ. ಮೊಬೈಲಿನವರಿಗೆ ಇನ್ನಷ್ಟು ಹತ್ತಿರ, ಇನ್ನಷ್ಟು ಹತ್ತಿರ ಎನ್ನುವ ಆಸೆ ಬಿಡುವುದಿಲ್ಲ. ಮರದ ಬುಡಕ್ಕೇ ಬಂದು, ಹಕ್ಕಿ ಹಾರಲೆಂದು ಚಪ್ಪಾಳೆ ತಟ್ಟುವವರನ್ನೂ ನೋಡಿದ್ದೇವೆ. ದೊಡ್ಡ ಹಕ್ಕಿಗಳು ಒಮ್ಮೆಗೇ ಎದ್ದರೆ ಗೂಡಿನಂಚಿನಲ್ಲಿರುವ ಮರಿಗಳು ಬೀಳುವ ಭಯವಿದೆ, ಬಿಟ್ಟುಹೋದ ಗೂಡಿನ ಮೇಲೆ ಕಾಗೆ ಎರಗುತ್ತದೆ. ಮೇಷ್ಟ್ರು ಮಕ್ಕಳನ್ನು ಕರೆತರುವಾಗ ಈ ಮಾತನ್ನು ಮೊದಲೇ ಹೇಳಿ ಕರೆತನ್ನಿ. ಮಕ್ಕಳು ಕೇಳುತ್ತಾರೆ, ಕೇಳದವರು ದೊಡ್ಡವರೇ.

ಮಧುಗಿರಿ ಬಯಲು

ಅಣ್ಣ ಹೇಳಿದ್ದು ಸರಿ. ಜೊತೆಗೆ, ದೊಡ್ಡ ಮಸೂರದವರೆಲ್ಲ ಸಜ್ಜನರು ಎಂಬ ಹೊಗಳಿಕೆಯನ್ನು ನಾನು ಸ್ವೀಕರಿಸಲಾರೆ. ಧ್ವನಿಮುದ್ರಿಕೆ ಹಾಕಿ ಹಕ್ಕಿಯನ್ನು ಕರೆಯುವವರು, ನೆಲದ ಮೇಲಿನ ಟಿಟ್ಟಿಭದ ಗೂಡಿನ ಸುತ್ತ ಜೀಪು ತಿರುಗಿಸುವವರು ನಮ್ಮಲ್ಲೇ ಇದ್ದಾರೆ. 600 ಮಿ.ಮೀ. ಇದ್ದರೂ 800 ಮಿ.ಮೀ. ಇದ್ದರೂ ಇನ್ನೊಂದು ಹೆಜ್ಜೆಯ ಆಸೆ ಹೋಗುವುದಿಲ್ಲ. ಗೂಡಿನ ಚಿತ್ರವನ್ನು ಜಾಗದ ಮಾಹಿತಿಯೊಂದಿಗೆ ಹಂಚುವುದು ಇನ್ನೂ ಅಪಾಯಕಾರಿ. ಫೋನುಗಳು ಆ ಮಾಹಿತಿಯನ್ನು ಚಿತ್ರದೊಳಗೇ ಬರೆದಿಡುತ್ತವೆ ಎಂಬುದು ಬಹುಮಂದಿಗೆ ತಿಳಿದಿಲ್ಲ.

ಶಿರಾ ಮೇಷ್ಟ್ರು

ಎಲ್ಲರಿಗೂ ಕೃತಜ್ಞತೆಗಳು. ಮಸೂರ ಸರ್ ಅವರ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಬೇಕೆಂದಿದ್ದೇನೆ. ಕಗ್ಗಲಡು ಅಣ್ಣನವರ ಮಾತನ್ನು ಮುಂದಿನ ಭೇಟಿಗೆ ಮುಂಚೆ ಓದಿ ಹೇಳುತ್ತೇನೆ. ಈಗ ನನಗೆ ಮೂಡಿರುವ ಪ್ರಶ್ನೆ ಇದು: ಸೋಲು ಗಾಜಿನದು ಎಂದಾದರೆ, ಫೋನಿನ ಮುಂದೆ ಬೇರೆ ಗಾಜನ್ನು ಇಡಬಹುದಲ್ಲವೇ? ನಮ್ಮ ಸಂಘದಲ್ಲಿ ಒಂದು ದುರ್ಬೀನೂ ಇಲ್ಲ. ದುರ್ಬೀನಿನ ಕಣ್ಣಿಗೆ ಫೋನ್ ಹಿಡಿದು ಚಿತ್ರ ತೆಗೆಯುವುದನ್ನು ಎಲ್ಲೋ ನೋಡಿದ ನೆನಪು. ಅದು ಕೆಲಸಕ್ಕೆ ಬರುತ್ತದೆಯೇ, ಬರೀ ಆಟವೇ?

ಕೆರೆಏರಿ

ಬರುತ್ತದೆ. ತುಮಕೂರಿನ ಅಮಾನಿಕೆರೆಯ ಏರಿಯ ಮೇಲೆ ನಾನು ನಿತ್ಯ ಮಾಡುವುದೇ ಅದು. ಎಲ್ಲರೂ ಮಾತನಾಡಿ ಮುಗಿಸಲಿ ಎಂದು ಕಾಯುತ್ತಿದ್ದೆ.

ದೂರದರ್ಶಕದ ಕಣ್ಣಿಗೆ ಡಿಜಿಟಲ್ ಕ್ಯಾಮೆರಾ ಹಿಡಿದು ಹಕ್ಕಿಗಳ ಚಿತ್ರ ತೆಗೆಯುವ ಈ ಕ್ರಮವನ್ನು 1999ರ ಸುಮಾರಿಗೆ ಮಲೇಷ್ಯಾದ ಹಕ್ಕಿವೀಕ್ಷಕ ಲಾರೆನ್ಸ್ ಪೋ ಪ್ರಚಾರಕ್ಕೆ ತಂದರು. ಇದನ್ನು ಡಿಜಿಸ್ಕೋಪಿಂಗ್ ಎನ್ನುತ್ತಾರೆ. ಆಗಿನ ಪುಟ್ಟ ಕ್ಯಾಮೆರಾಗಳ ಜಾಗಕ್ಕೆ ಈಗ ಫೋನ್ ಬಂದಿದೆ. 8×42 ದುರ್ಬೀನಿನ (ಎಂಟು ಪಟ್ಟು ಹತ್ತಿರ ತರುವ, 42 ಮಿ.ಮೀ. ಬಾಯಿಯ ದುರ್ಬೀನು) ಹಿಂದೆ 24 ಮಿ.ಮೀ. ಮಸೂರದ ಫೋನ್ ಹಿಡಿದರೆ ಎಂಟು ಪಟ್ಟಾಗಿ ಸುಮಾರು 190 ಮಿ.ಮೀ. ನೋಟ ಸಿಗುತ್ತದೆ. ಇಪ್ಪತ್ತು ಪಟ್ಟಿನ ಸ್ಪಾಟಿಂಗ್ ಸ್ಕೋಪ್ (ಹಕ್ಕಿ ನೋಡಲು ಬಳಸುವ ಚಿಕ್ಕ ದೂರದರ್ಶಕ) ಆದರೆ 480 ಮಿ.ಮೀ.

ಕಲಿಯಬೇಕಾದ ಸಂಗತಿಗಳು ಕೆಲವಿವೆ. ಫೋನಿನ ಮುಖ್ಯ ಮಸೂರವನ್ನೇ ಬಳಸಬೇಕು, ಟೆಲಿ ಮಸೂರವನ್ನಲ್ಲ. ದುರ್ಬೀನಿನ ಕಣ್ಣಿನ ರಬ್ಬರ್ ಬಟ್ಟಲನ್ನು ಮೇಲಕ್ಕೆ ತಿರುಗಿಸುವುದೋ ಕೆಳಕ್ಕಿಳಿಸುವುದೋ ಎಂಬುದು ಆಯಾ ದುರ್ಬೀನನ್ನು ಅವಲಂಬಿಸಿದೆ. ಚಿತ್ರದ ಸುತ್ತ ಕಪ್ಪು ಉಂಗುರ ಅತಿ ಕಡಿಮೆಯಾಗುವ ಸ್ಥಿತಿಯನ್ನು ಹುಡುಕಿಕೊಳ್ಳಬೇಕು. ಉಳಿದ ಉಂಗುರವನ್ನು ಎರಡು ಪಟ್ಟು ಹಿಗ್ಗಿಸಿ ಹೊರಗಿಡಬಹುದು. ಕೆಲವು ಫೋನುಗಳು ಬೆಳಕು ಕಡಿಮೆಯಾದೊಡನೆ ಹೇಳದೆ ಕೇಳದೆ ಬೇರೆ ಮಸೂರಕ್ಕೆ ಹಾರಿಬಿಡುತ್ತವೆ, ಆಗ ಪರದೆ ಪೂರ್ತಿ ಕಪ್ಪಾಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ತಡೆಯುವ ಆಯ್ಕೆ ಇದ್ದರೆ ಹಾಕಿಕೊಳ್ಳಿ, ಇಲ್ಲವಾದರೆ ಪ್ರೊ ಮೋಡ್ ಬಳಸಿ. ಗುಂಡಿ ಒತ್ತಿದಾಗ ಕೈ ಅಲುಗುವುದರಿಂದ ಎರಡು ಸೆಕೆಂಡಿನ ಟೈಮರ್ ಇಡಿ, ಅಥವಾ 4ಕೆ ವಿಡಿಯೊ ತೆಗೆದು ಅದರಿಂದ ಒಳ್ಳೆಯ ಚೌಕಟ್ಟನ್ನು ಆರಿಸಿಕೊಳ್ಳಿ. ಅಂಥ ಒಂದು ಚೌಕಟ್ಟಿನಲ್ಲಿ ಎಂಟು ಮೆಗಾಪಿಕ್ಸೆಲ್ ಇರುತ್ತದೆ, ಗುರುತಿಸಲು ಅದು ಸಾಕು. ನೀರಿನ ಮೇಲಿನ ಬೆಳ್ಳಕ್ಕಿಗೆ ಬೆಳಕನ್ನು ತುಸು ತಗ್ಗಿಸಿ, ಇಲ್ಲದಿದ್ದರೆ ಬೆಳ್ಳಗಿನ ಆಕಾರವೊಂದೇ ಉಳಿಯುತ್ತದೆ. ಆಕಾಶಕ್ಕೆ ಎದುರಾಗಿ ಕುಳಿತ ಕೊಕ್ಕರೆಗೆ ಇದಕ್ಕೆ ವಿರುದ್ಧವಾಗಿ ಏರಿಸಬೇಕು.

ಹಾರುವ ಹಕ್ಕಿಗೆ ಈ ಕ್ರಮ ಒಗ್ಗದು. ಪೊದೆಯೊಳಗಿನ ಪುಟ್ಟ ಹಕ್ಕಿಗೂ ಅಷ್ಟೇ. ತಂತಿಯ ಮೇಲೆ ಕುಳಿತ ನೀಲಕಂಠ, ಕಾಜಾಣ, ಕಳ್ಳಿಪೀರ, ಕಂಬದ ತುದಿಯ ರಾಮದಾಸ ಹದ್ದು, ನೀರಂಚಿನಲ್ಲಿ ಅಲುಗದೆ ನಿಲ್ಲುವ ಬೂದು ಬಕ, ಹಗಲು ಪೊಟರೆಯಲ್ಲಿ ತೂಕಡಿಸುವ ಹಾಲಕ್ಕಿ ಇವುಗಳಿಗೆ ಹೇಳಿ ಮಾಡಿಸಿದಂತಿದೆ.

ಮಸೂರ

ಕೆರೆಏರಿಯವರ ಮಾತಿಗೆ ಲೆಕ್ಕದ ಬೆಂಬಲವೂ ಇದೆ. ಫೋನಿನ ಮುಖ್ಯ ಮಸೂರದ ಬಾಯಿ ಸುಮಾರು 4 ಮಿ.ಮೀ.; ಅದನ್ನು ಎಂಟು ಪಟ್ಟಿನ ದುರ್ಬೀನಿನ ಹಿಂದೆ ಇಟ್ಟಾಗ ಪರಿಣಾಮದಲ್ಲಿ ಅದು 30 ಮಿ.ಮೀ.ಗೂ ತುಸು ಹೆಚ್ಚಿನ ಬಾಯಿಯಾಗುತ್ತದೆ. ಐದು ಪಟ್ಟಿನ ಟೆಲಿ ಮಸೂರಕ್ಕೆ ಇದ್ದದ್ದು 5.7. ಕೈನಡುಕ, ಜೋಡಣೆಯ ಓರೆ, ದುರ್ಬೀನಿನ ಗಾಜಿನ ಗುಣ ಇವೆಲ್ಲದರಲ್ಲಿ ಒಂದಷ್ಟು ಸೋರಿಹೋದರೂ ಉಳಿಯುವ ಲಾಭ ದೊಡ್ಡದು. ಅದಕ್ಕಿಂತ ಮುಖ್ಯವಾಗಿ, ಇಲ್ಲಿ ವಿವರ ಗಾಜಿನ ಮೂಲಕ ಬಂದದ್ದು, ಊಹೆಯಿಂದ ಬಂದದ್ದಲ್ಲ. ಪಟ್ಟಿಗಾರರ ಆಕ್ಷೇಪಣೆ ಬಹುಮಟ್ಟಿಗೆ ಕರಗುತ್ತದೆ.

ದುರ್ಗದಹಾದಿ

ಮೇಷ್ಟ್ರೇ, ನನ್ನ ಕ್ಯಾಮೆರಾವನ್ನು ಹೊಗಳಿದವಳೇ ಹೇಳುತ್ತಿದ್ದೇನೆ: ಮಕ್ಕಳಿಗಾದರೆ ದುರ್ಬೀನು ಕೊಳ್ಳಿ. ಹತ್ತು ಸಾವಿರದ ಆಸುಪಾಸಿನಲ್ಲಿ ಒಳ್ಳೆಯ 8×42 ಸಿಗುತ್ತದೆ. 10×50 ಎಂದರೆ ಹೆಚ್ಚು ಹತ್ತಿರ ಎಂದು ಅಂಗಡಿಯವರು ಹುರಿದುಂಬಿಸುತ್ತಾರೆ. ಅದು ಮಕ್ಕಳ ಕೈಗೆ ಭಾರ, ನಡುಕವೂ ಹೆಚ್ಚು. ಫೋನನ್ನು ಧ್ವನಿಗೂ ಬಳಸಿ. ಮರ್ಲಿನ್ ಎಂಬ ಉಚಿತ ಆ್ಯಪ್ ಹಕ್ಕಿಯ ಕೂಗನ್ನು ಆಲಿಸಿ ಹೆಸರು ಸೂಚಿಸುತ್ತದೆ. ಅದರ ಸೂಚನೆಯನ್ನು ತೀರ್ಪೆಂದು ತಿಳಿಯದೆ ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಬೇಕು, ಅಷ್ಟೇ. ನಾಮದ ಚಿಲುಮೆಯಂಥ ಮಬ್ಬಿನಲ್ಲಿ ಯಾವ ಕ್ಯಾಮೆರಾಕ್ಕೂ ಸಿಗದ ಹಕ್ಕಿ ಮೈಕ್ರೊಫೋನಿಗೆ ಸಿಕ್ಕಿರುತ್ತದೆ.

ಮಧುಗಿರಿ ಬಯಲು

ದುರ್ಬೀನು ಕೊಳ್ಳಿ ಎನ್ನುವುದಕ್ಕೆ ನನ್ನ ವಿರೋಧವಿಲ್ಲ. ಆದರೆ ಸಂಘದಲ್ಲಿ ಒಬ್ಬ ಹುಡುಗನಿಗೋ ಹುಡುಗಿಗೋ ಛಾಯಾಗ್ರಹಣದ ನಿಜವಾದ ಹುಚ್ಚು ಹಿಡಿದರೆ ಫೋನು ಅವರನ್ನು ಅರ್ಧ ದಾರಿಯಲ್ಲಿ ಬಿಡುತ್ತದೆ. ಹಾರುವ ಹಕ್ಕಿಯನ್ನು ಸೆಕೆಂಡಿನ ಎರಡು ಸಾವಿರದ ಒಂದು ಭಾಗದಲ್ಲಿ ಹಿಡಿಯುವುದು, ಕಣ್ಣನ್ನೇ ಹುಡುಕಿ ಕೇಂದ್ರೀಕರಿಸುವ ಈಗಿನ ಕ್ಯಾಮೆರಾಗಳ ವೇಗ, ಬೆಳಕನ್ನು ಕೈಯಾರೆ ತಿದ್ದುವ ಅಭ್ಯಾಸ ಇವನ್ನು ಫೋನಿನಲ್ಲಿ ಪೂರ್ತಿಯಾಗಿ ಕಲಿಯಲಾಗದು. ಅಂಥ ಮಗುವಿದ್ದರೆ ಜಯಮಂಗಲಿಗೆ ಕರೆತನ್ನಿ, ನನ್ನ ಕ್ಯಾಮೆರಾವನ್ನು ಒಂದು ದಿನ ಅದರ ಕೈಗೆ ಕೊಡುತ್ತೇನೆ.

ಶಿರಾ ಮೇಷ್ಟ್ರು

ದಾನಿಗಳೊಡನೆ ಮಾತನಾಡಿದೆ. ಮೊದಲು ಒಪ್ಪಲಿಲ್ಲ, ಕ್ಯಾಮೆರಾ ಎಂದರೆ ಕಣ್ಣಿಗೆ ಕಾಣುವ ಕೊಡುಗೆ ಎಂಬುದು ಅವರ ಮನಸ್ಸಿನಲ್ಲಿತ್ತು. ಒಂದು ಕ್ಯಾಮೆರಾವನ್ನು ಒಂದು ಮಗು ಹಿಡಿಯುತ್ತದೆ, ನಾಲ್ಕು ದುರ್ಬೀನುಗಳನ್ನು ನಾಲ್ಕು ಮಕ್ಕಳು ಹಿಡಿಯುತ್ತಾರೆ ಎಂದ ಮೇಲೆ ಒಪ್ಪಿದರು. ನಾಲ್ಕು 8×42 ದುರ್ಬೀನು, ಫೋನ್ ಜೋಡಿಸುವ ಎರಡು ಹಿಡಿಕೆ, ಒಂದು ಮುಕ್ಕಾಲಿ ಎಂದು ಪಟ್ಟಿ ಮಾಡಿದ್ದೇನೆ. ಮಧುಗಿರಿಯವರ ಆಹ್ವಾನವನ್ನು ಮರೆಯುವುದಿಲ್ಲ. ಅಂಥ ಹುಚ್ಚು ಹಿಡಿದ ಹುಡುಗಿಯೊಬ್ಬಳು ಈಗಾಗಲೇ ಇದ್ದಾಳೆ. ಕೊನೆಯದಾಗಿ ತೆಂಗಿನಸೀಮೆಯವರಲ್ಲಿ ಒಂದು ಪ್ರಶ್ನೆ: ಹಿಡಿಕೆಗಳಲ್ಲಿ ಹಲವು ಅಳತೆಗಳಿವೆ, ಯಾವುದನ್ನು ತರಿಸಬೇಕು?

ತೆಂಗಿನಸೀಮೆ

ದುರ್ಬೀನು ಕೈಗೆ ಬಂದ ಮೇಲೆ ತರಿಸಿ, ಮೊದಲೇ ಬೇಡ. ಕಣ್ಣಿಡುವ ಬಟ್ಟಲಿನ ಹೊರಗಿನ ವ್ಯಾಸವನ್ನು ಅಳೆಯಿರಿ. ನಿಮ್ಮ ಪ್ರಯೋಗಾಲಯದಲ್ಲಿ ವರ್ನಿಯರ್ ಕ್ಯಾಲಿಪರ್ ಇದ್ದೇ ಇರುತ್ತದೆ. ಆ ಅಳತೆ ಹಿಡಿಕೆಯ ವಿವರಣೆಯಲ್ಲಿ ಹೇಳಿರುವ ಮಿತಿಯೊಳಗೆ ಇರಬೇಕು. ಫೋನಿಗೆ ದಪ್ಪ ಕವರ್ ಇದ್ದರೆ ಅದನ್ನು ತೆಗೆದೇ ಜೋಡಿಸಬೇಕಾಗುತ್ತದೆ. ಮಕ್ಕಳ ಮನೆಗಳಲ್ಲಿ ಬೇರೆ ಬೇರೆ ಫೋನುಗಳಿರುವುದರಿಂದ ಒಂದೇ ಮಾದರಿಯ ಫೋನಿಗೆಂದು ಮಾಡಿದ ಹಿಡಿಕೆ ಬೇಡ, ಮಸೂರದ ಜಾಗವನ್ನು ಎರಡೂ ದಿಕ್ಕಿಗೆ ಸರಿಸಿ ತಿರುಪು ಬಿಗಿಯುವಂಥದ್ದನ್ನು ಆರಿಸಿ. ಪ್ಲಾಸ್ಟಿಕ್ಕಿನ ತಿರುಪು ಬೇಗ ಸವೆಯುತ್ತದೆ, ಲೋಹದ್ದಿರಲಿ. ತಿಪಟೂರಿನ ಕಡೆ ಬಂದರೆ ಅಂಗಡಿಗೆ ತನ್ನಿ, ಜೋಡಿಸಿ ಕೊಡುತ್ತೇನೆ.